ಎದುರಿನ ಕುರ್ಚಿಯ ಟಿಶ್ಯೂ ಪ್ಯಾಕೆಟ್

ಅಪೇಕ್ಷಾ,

ಇದನ್ನು ನಿನಗೆ ಕಳಿಸುವುದಿಲ್ಲ, ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ. ಇವತ್ತು ಮಧ್ಯಾಹ್ನ ಇಲ್ಲೇ ಸಿಂಗಾಪುರದ ಬೂನ್ ಲೇ ಹಾಕರ್ ಸೆಂಟರಿನ ತಿಂಡಿ ಅಂಗಡಿಗಳ ನಡುವೆ ಊಟಕ್ಕೆ ಕೂತು ನಿನ್ನ ಜಪಾನ್ ವಿಡಿಯೊ ನೋಡಿದೆ. ಓಸಾಕಾದಲ್ಲಿ ಒಬ್ಬರೇ ಕೂತು ತಿನ್ನುವವರನ್ನು ಯಾರೂ ಅಯ್ಯೋ ಪಾಪ ಎಂದು ನೋಡುವುದಿಲ್ಲವಂತೆ. ಒಳ್ಳೆಯದು. ಆಮೇಲೆ ನೀನು ನಗುತ್ತಾ ಹೇಳಿದೆ: "ಸಿಂಗಾಪುರದಲ್ಲಿ ನಾಲ್ಕು ವರ್ಷ ಒಬ್ಳೇ ಊಟ ಮಾಡಿದೀನಿ ಗೈಸ್. ಕಂಪನಿ ಕೊಡೋಕೆ ಯಾರೂ ಇರ್ಲಿಲ್ಲ."

ಹಾಗಾದರೆ ನಾನೇನು ಕಂಬವೇ? ಆ ನಾಲ್ಕು ವರ್ಷವೂ ಹತ್ತು ನಿಮಿಷ ಮೊದಲೇ ಬಂದು, ನಿನ್ನ ಕುರ್ಚಿಯ ಮೇಲೆ ಟಿಶ್ಯೂ ಪ್ಯಾಕೆಟ್ ಇಟ್ಟು ಜಾಗ ಹಿಡಿಯುತ್ತಿದ್ದವಳು ಯಾರು?

ಅಷ್ಟರಲ್ಲಿ ತಟ್ಟೆ ಹಿಡಿದ ಆಂಟಿಯೊಬ್ಬರು, ಎದುರಿನ ಕುರ್ಚಿಗೆ ಯಾರಾದರೂ ಬರುತ್ತಾರಾ ಎಂದು ಕೇಳಿದರು. ನೋಡಿದರೆ ಇವತ್ತೂ ಅಲ್ಲಿ ಪ್ಯಾಕೆಟ್ ಇಟ್ಟಿದ್ದೆ.

ಯಾರೂ ಇಲ್ಲ ಎನ್ನಬೇಕಿತ್ತು. ನಿನ್ನಷ್ಟು ಸಲೀಸಾಗಿ ನನಗೆ ಬರಲಿಲ್ಲ.