ಹಲ್ಲಿಯಿಂದ ಕಿತ್ತುಕೊಂಡ ಲಗಮಣ್ಣನ ಹೆಸರು

ಗೋಕಾಕ, ೧೯೧೭

ಪ್ರಾಣಿಗಳ ಶಾಸ್ತ್ರೀಯ ಹೆಸರುಗಳ ಪಟ್ಟಿ ಇಡುವ ಕಚೇರಿಯ ಮಾನ್ಯ ಕಾರ್ಯದರ್ಶಿಗಳೇ,

ಗೋಕಾಕ ಫಾಲ್ಸಿನ ಬಂಡೆಗಳಲ್ಲಿರುವ ಒಂದು ಹಲ್ಲಿಯಿಂದ ತಾವು ಲಗಮಣ್ಣನ ಹೆಸರನ್ನು ಕಿತ್ತುಕೊಂಡಿದ್ದೀರಿ. ಅದನ್ನು ಮರಳಿ ಕೇಳಲು ಬರೆಯುತ್ತಿದ್ದೇನೆ. ಎರಡು ತಿಂಗಳ ಹಿಂದೆ ಬಂದ ಹೊಸ ಪಟ್ಟಿಯಲ್ಲಿ ಕಾರಣವನ್ನೂ ಅಚ್ಚು ಮಾಡಿಸಿದ್ದೀರಿ: ಹೆಸರಿಟ್ಟ ಪಂಡಿತ ಜರ್ಮನಿಯವನು, ಶತ್ರು, ಅವನಿಟ್ಟ ಹೆಸರು ಸಾಮ್ರಾಜ್ಯದ ಪ್ರಾಣಿಗೆ ಸಲ್ಲದು. ಈಗ ಅದಕ್ಕೆ ಒಬ್ಬ ದೊಡ್ಡ ಸಾಹೇಬರ ಹೆಸರು. ಅವರು ಆ ಹಲ್ಲಿಯನ್ನು ಒಮ್ಮೆಯಾದರೂ ಕಂಡಿದ್ದಾರೆಯೇ? ಹೋಗಲಿ, ನೀನು ಯಾವ ರಾಜನ ಪ್ರಜೆ ಎಂದು ಹಲ್ಲಿಯನ್ನು ಯಾರಾದರೂ ಕೇಳಿದರೇ?

ಲಗಮಣ್ಣ ಮೇಲವಂಕಿಯ ಕುರಿಗಾರ. ಯುದ್ಧಕ್ಕೆ ಮೂರು ವರ್ಷ ಮುಂಚೆ ಆ ಪಂಡಿತ ಇಲ್ಲಿಗೆ ಬಂದಾಗ ನಾನೇ ದುಭಾಷಿ. ಪಂಡಿತನ ಬಲೆಗೆ ಸಿಗದ ಹಲ್ಲಿಯನ್ನು ಲಗಮಣ್ಣ ಕಂಬಳಿ ಬೀಸಿ ಹಿಡಿದುಕೊಟ್ಟ. ಪಂಡಿತ ತನ್ನ ಪುಸ್ತಕದಲ್ಲಿ ಅವನ ಹೆಸರನ್ನೇ ಅದಕ್ಕಿಟ್ಟ. ನಾವೆಲ್ಲ ನಕ್ಕೆವು. ಆಮೇಲೆ ಯುದ್ಧ ಬಂತು. ಲಗಮಣ್ಣ ಸರ್ಕಾರದ ಹೇಸರಗತ್ತೆಗಳನ್ನು ಹೊಡೆಯಲು ಸಮುದ್ರದಾಚೆ ಬಸರಾದ ಯುದ್ಧಕ್ಕೆ ಹೋಗಿ, ಜರ್ಮನರ ಜೊತೆಗಾರರ ಗುಂಡಿಗೆ ಸತ್ತ. ಅವನ ಹೆಸರು ಈಗ ಶತ್ರುವಿನ ಹೆಸರಾಯಿತೇ ಸ್ವಾಮಿ?

ಅವನ ತಾಯಿ ಯಮನವ್ವ ಇದ್ದಾಳೆ. ನಮ್ಮ ಕಡೆ ಸತ್ತವರ ಹೆಸರನ್ನು ಮೊಮ್ಮಕ್ಕಳಿಗೆ ಇಡುತ್ತಾರೆ. ಆ ಹೆಸರು ಹೊತ್ತ ಮಗುವನ್ನು ಮನೆಯಲ್ಲಿ ಯಾರೂ ಹೆಸರು ಹಿಡಿದು ಬೈಯುವುದಿಲ್ಲ. ಲಗಮಣ್ಣನಿಗೆ ಮದುವೆಯಾಗಿರಲಿಲ್ಲ. ಹೆಣವೂ ಬರಲಿಲ್ಲ. ಅವನ ಹೆಸರು ಹೊತ್ತದ್ದು ಆ ಹಲ್ಲಿಯೊಂದೇ. ಆಕೆ ಅಮಾವಾಸ್ಯೆಗೊಮ್ಮೆ ನಡೆದು ಬಂದು ಬಂಡೆಯ ಮೇಲೆ ರೊಟ್ಟಿ ಮುರಿದಿಡುತ್ತಾಳೆ.

“ಹಲ್ಲಿ ರೊಟ್ಟಿ ತಿನ್ನೂದಿಲ್ಲ ಯವ್ವಾ” ಎಂದೆ ಒಮ್ಮೆ.

“ತಿನ್ನಲಿ ಬಿಡಲಿ, ಮಗನ ಹೆಸರಿಂದು ಅದು. ಅದರ ಪಾಲು ನಾ ಇಡಬೇಕಲ್ರಿ.”

ರೊಟ್ಟಿಗೆ ಇರುವೆ ಬರುತ್ತವೆ, ಇರುವೆ ತಿನ್ನಲು ಹಲ್ಲಿ ಬರುತ್ತದೆ. ಆಕೆ ಸಮಾಧಾನದಿಂದ ನೋಡುತ್ತಾ ಕೂರುತ್ತಾಳೆ. ನಿಮ್ಮ ಶಾಸ್ತ್ರಕ್ಕೂ ಇದರಲ್ಲಿ ತಕರಾರಿರಲಾರದು.

ಅಲ್ಲಿಂದ ನಮ್ಮ ಶಾಲೆಗೆ ಬರುತ್ತಾಳೆ. “ಮಾಸ್ತರ, ಬುಕ್ಕಿನ್ಯಾಗ ನಮ್ಮ ಲಗಮಣ್ಣ ಇನ್ನೂ ಅದಾನೇನ್ರಿ?” ಎನ್ನುತ್ತಾಳೆ. ನಿಮ್ಮ ಪಟ್ಟಿ ಬಂದ ಮೇಲೆ ಎರಡು ಅಮಾವಾಸ್ಯೆ ಕಳೆದವು. ಎರಡು ಸಲವೂ ನೀವು ರದ್ದು ಮಾಡಿದ ಪಂಡಿತನ ಹಳೆಯ ಪುಸ್ತಕವನ್ನೇ ತೆರೆದು, “ಅದಾನ ಯವ್ವಾ” ಎಂದೆ. ಆಕೆ ಆ ಸಾಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಒಂದಕ್ಷರ ತಪ್ಪು ಓದಿದರೆ ಮಕ್ಕಳಿಗೆ ಬೆತ್ತ ತೋರಿಸುವವನು ನಾನು. ರದ್ದಾದುದನ್ನು ಎರಡು ಸಲ ನಿಜವೆಂದು ಓದಿದೆ.

ಮುಂದಿನ ಅಮಾವಾಸ್ಯೆಯೊಳಗೆ ಆ ಹೆಸರನ್ನು ಮರಳಿ ಬರೆಯಿರಿ. ನಿಮ್ಮ ಸಾಹೇಬರ ಹೆಸರು ಹೊರಲು ಮೊಮ್ಮಕ್ಕಳಾದರೂ ಇದ್ದಾರು. ಆಗದಿದ್ದರೆ ತಾವೇ ಬಂದು ಯಮನವ್ವನಿಗೆ ತಿಳಿಸಿ. ಆಕೆಯ ಮಗ ಎರಡನೆಯ ಸಲ ಸತ್ತನೆಂದು ಹೇಳಲು ನನ್ನಿಂದಾಗದು.

ಇಂತಿ,
ರದ್ದಾದ ಪುಸ್ತಕ ಓದಿ ಹೇಳುವ
ಅಪ್ಪಣ್ಣ ಮಾಸ್ತರ