ಐವತ್ತನೆಯ ಸಾಲು

ಮುದ್ದೇಬಿಹಾಳ
೨೧ ಜುಲೈ ೨೦೦೫

ಮಸೂತಿ ಊರಲ್ಲಿ ಪಾಠ ಹೇಳುವ ಹೊಸ ಅಕ್ಕನವರಾದ ನನ್ನ ಉಜ್ವಲಾಳಿಗೆ, ಹಳೆಯ ಅಕ್ಕನವರ ಆಶೀರ್ವಾದಗಳು.

ನಿನ್ನ ಪತ್ರ ಸೋಮವಾರ ತಲುಪಿತು. ‘ಪುನರ್ವಸತಿ’ಯ ಅರ್ಕಾವೊತ್ತನ್ನು ಎರಡು ಕಡೆ ನುಂಗಿದ್ದೀಯೆ, ಹಲಗೆಯ ಮೇಲೆ ಹಾಗೆ ಬರೆಯಬೇಡ. ಉಳಿದಂತೆ ಅಕ್ಷರ ದುಂಡಗಿದೆ.

ಹಿನ್ನೀರಿನಲ್ಲಿ ಊರು ಕಳೆದುಕೊಂಡು ಬಂದವರ ಮಕ್ಕಳಿಗೆ ಕಲಿಸಲು ನಮ್ಮ ನೆರೆಹೊರೆ ಮಂಡಳಿಯವರು ನಿನ್ನನ್ನೇ ಕಳಿಸಿದ್ದು ನನಗೆ ಹೆಮ್ಮೆ. ಆದರೆ ನೀನು ಕೇಳಿದ ಪ್ರಶ್ನೆಗೆ ಮೂರು ದಿನ ಉತ್ತರ ಬರೆಯಲಾಗಲಿಲ್ಲ. ತಾಯಿಯಿಲ್ಲದ ಸುಲ್ತಾನಾ ಎಂಬ ಹುಡುಗಿ ನಿನ್ನನ್ನು ‘ಅಮ್ಮಿ’ ಎನ್ನುತ್ತಾಳೆ. ‘ನೀವು ನನ್ನಿಂದ ಬರೆಸಿದಂತೆ ಅವಳಿಂದ “ಅಕ್ಕನವರು” ಎಂದು ಐವತ್ತು ಸಲ ಬರೆಸಲೇ?’ ಎಂದು ಕೇಳಿದ್ದೀಯೆ. ಅದರಲ್ಲಿ ವ್ಯಂಗ್ಯವಿರಲಿಲ್ಲ. ಅದಕ್ಕೇ ಹೆಚ್ಚು ನೋವಾಯಿತು.

ಬರೆಸಬೇಡ. ಕಾರಣ ಹೇಳಲು ತೊಂಬತ್ತಮೂರನೆಯ ಇಸವಿಗೆ ಹೋಗಬೇಕು.

ಕಿಲ್ಲಾರಿಯ ಭೂಕಂಪದಲ್ಲಿ ನಿನ್ನ ಮನೆಯವರೆಲ್ಲ ತೀರಿಕೊಂಡ ಮೇಲೆ ನಿನ್ನ ಮಾಮಾ ನಿನ್ನನ್ನು ಕರೆದುಕೊಂಡು ಇಲ್ಲಿಗೆ ಬಂದರು. ಮಂಡಳಿಯ ಅಬ್ದುಲರಜಾಕರು ಅವರನ್ನು ಮಾರುಕಟ್ಟೆಯಲ್ಲಿ ಹಮಾಲಿ ಕೆಲಸಕ್ಕೆ ಹಚ್ಚಿದರು, ರೇಶನ್ ಕಾರ್ಡಿಗಾಗಿ ತಿಂಗಳುಗಟ್ಟಲೆ ಕಚೇರಿ ಸುತ್ತಿದರು. ನಿನಗೆ ಕನ್ನಡ ಕಲಿಸುವ ಕೆಲಸ ಆಗತಾನೆ ನಿವೃತ್ತಳಾಗಿದ್ದ ನನ್ನ ಪಾಲಿಗೆ ಬಂತು. ಎಂಟು ವರ್ಷದ ನೀನು ಸೂರಿನ ಕೆಳಗೆ ಕೂಡುತ್ತಿರಲಿಲ್ಲ. ನಾನೇ ಕುರ್ಚಿಯನ್ನು ಬೇವಿನ ಗಿಡದ ಬುಡಕ್ಕೆ ಒಯ್ದೆ. ಮೂರನೆಯ ವಾರ ನೀನು ಪಾಟಿಯಿಂದ ತಲೆಯೆತ್ತಿ ನನ್ನನ್ನು ‘ಆಯಿ’ ಎಂದು ಕರೆದೆ.

ನಮ್ಮ ಕಡೆ ಆಯಿ ಎಂದರೆ ಅಜ್ಜಿ, ನಾನಿನ್ನೂ ಅಷ್ಟು ಮುದುಕಿಯಾಗಿಲ್ಲ ಎಂದು ಎಲ್ಲರೆದುರು ರೇಗಿದೆ. ವಹಿ ಕೊಟ್ಟು ‘ಅಕ್ಕನವರು’ ಎಂದು ಐವತ್ತು ಸಾಲು ಬರೆಸಿದೆ. ರಜಾಕರು ನಕ್ಕು, ‘ಅಕ್ಕೋರ, ನಿಮ್ಮನ್ನ ಕರದದ್ದು ಕೂಸಿನ ಬಾಯಿ ಬಿಡಸಾಕ, ಹೊಲ್ಯಾಕ ಅಲ್ರಿ’ ಎಂದರು. ‘ನೀವು ರೇಶನ್ ಕಾರ್ಡ ನೋಡ್ಕೋರಿ, ವ್ಯಾಕರಣ ನನಗ ಬಿಡ್ರಿ’ ಎಂದೆ.

ಅದು ವ್ಯಾಕರಣವಾಗಿರಲಿಲ್ಲ, ಉಜ್ವಲಾ. ನನ್ನ ತಾಯಿಯ ತವರು ಸೊಲ್ಲಾಪುರ. ನಿನ್ನ ಮರಾಠಿಯಲ್ಲಿ ಆಯಿ ಎಂದರೆ ತಾಯಿ ಎಂಬುದು ನನಗೆ ಚಿಕ್ಕಂದಿನಿಂದಲೂ ಗೊತ್ತಿತ್ತು. ಆದರೆ ಕಿಲ್ಲಾರಿಯಲ್ಲಿ ಮತ್ತೆ ಮನೆಗಳು ಎದ್ದ ಮೇಲೆ ನೀವು ಮರಳಿ ಹೋಗಬಹುದೆಂಬ ಮಾತು ಮಂಡಳಿಯಲ್ಲಿ ನಡೆದಿತ್ತು. ಅದುವರೆಗೆ ನನ್ನನ್ನು ತಾಯಿಯೆಂದು ಕರೆದವರು ಯಾರೂ ಇರಲಿಲ್ಲ. ಕರೆದವಳು ಹೊರಟುಹೋದರೆ ಆ ಗಿಡದ ಕೆಳಗೆ ನಾನೊಬ್ಬಳೇ ಹೇಗೆ ಕೂಡಲಿ ಎಂದು ಹೆದರಿದೆ. ನನ್ನ ಹೆದರಿಕೆಗೆ ನಿನ್ನಿಂದ ಕಾಪಿ ಬರೆಸಿದೆ.

ನೀವು ಹೋಗಲಿಲ್ಲ. ನಿನ್ನ ಮಾಮಾ ಇಲ್ಲಿಯೇ ಮನೆ ಕಟ್ಟಿಕೊಂಡರು. ನೀನು ಹನ್ನೆರಡು ವರ್ಷ ಒಮ್ಮೆಯೂ ತಪ್ಪದೆ ನನ್ನನ್ನು ಅಕ್ಕನವರು ಎಂದೆ. ನಾನು ಕಲಿಸಿದ ಪಾಠಗಳಲ್ಲಿ ನೀನು ಇಷ್ಟು ಚೆನ್ನಾಗಿ ಕಲಿತದ್ದು ಬೇರೊಂದಿಲ್ಲ.

ಸುಲ್ತಾನಾಳ ಮನೆಯವರು ನಾಳೆ ಬೇರೆ ಊರಿಗೆ ಹೋಗಬಹುದು. ಹೋಗುವವರೆಗೆ ಅವಳ ಕರೆಗೆ ಓಗೊಡು.

ನಾಗರ ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ. ಎಳ್ಳುಂಡಿ, ಶೇಂಗಾದುಂಡಿ ಕಟ್ಟುತ್ತೇನೆ. ಬೇವಿನ ಗಿಡಕ್ಕೆ ಜೋಕಾಲಿ ಹಾಕಿಸುತ್ತೇನೆ. ಬಾ. ಬಾಗಿಲಲ್ಲಿ ನಿಂತು ಏನೆಂದು ಕರೆಯಬೇಕೆಂಬುದನ್ನು ಈ ಸಲ ನಾನು ಹೇಳಿಕೊಡುವುದಿಲ್ಲ.

ಹೆಸರಿನ ಹಿಂದೆ ಏನು ಬರೆಯಬೇಕೆಂದು ನೀನು ತಿಳಿಸುವವರೆಗೆ, ಬರಿಯ
ಸುನಂದಾ ಯಾಳಗಿ

ತಾ.ಕ.: ಆ ವಹಿ ನನ್ನ ಪೆಟ್ಟಿಗೆಯಲ್ಲಿಯೇ ಇದೆ. ನಲವತ್ತೊಂಬತ್ತು ಸಾಲುಗಳಿಗೆ ಅಂದೇ ಕೆಂಪು ಶಾಯಿಯಲ್ಲಿ ಸರಿ ಗುರುತು ಹಾಕಿದ್ದೆ. ಐವತ್ತನೆಯ ಸಾಲಿನಲ್ಲಿ ನೀನು ಸಣ್ಣಗೆ, ಕನ್ನಡದಲ್ಲಿ, ಕಾಗುಣಿತ ತಪ್ಪದೆ ‘ಆಯಿ’ ಎಂದೇ ಬರೆದಿದ್ದೆ. ಅದನ್ನು ತಪ್ಪೆಂದು ಹೊಡೆಯಲು ಮನಸ್ಸಾಗಲಿಲ್ಲ, ಸರಿಯೆನ್ನಲು ಧೈರ್ಯವಾಗಲಿಲ್ಲ. ಈ ಪತ್ರ ಬರೆಯುವ ಮುನ್ನ ಅದಕ್ಕೂ ಸರಿ ಗುರುತು ಹಾಕಿದೆ.