ಧನರಾಜಣ್ಣನ ಹುಲ್ಲುಚಾಪೆ

೧೨ ಮಾರ್ಚ್ ೨೦೧೦, ಶುಕ್ರವಾರ, ಫರ್ವಾನಿಯಾ, ಕುವೈತ್

ಧನರಾಜಣ್ಣನ ಚಾಪೆ ಇನ್ನೂ ಕಣ್ಣು ಚುಚ್ಚುತ್ತಿದೆ. ಇವತ್ತಿನ ಗಾಲ್ಫ್ ಮೈದಾನವಿಡೀ ಮರಳು. ಚೆಂಡು ಬಿದ್ದಲ್ಲೇ ಪ್ಲಾಸ್ಟಿಕ್ ಹುಲ್ಲಿನ ಪುಟ್ಟ ಚಾಪೆ ಹಾಸಿ, ಅದರ ಮೇಲಿಟ್ಟು ಹೊಡೆಯಬೇಕು. ಹೋಟೆಲ್ ಧಣಿ ಧನರಾಜಣ್ಣ ಪ್ರತಿ ಸಲವೂ ಎರಡು ಹೆಜ್ಜೆ ಮುಂದೆ ಹಾಸಿದ. ನಾಚಿಕೆಗೆಟ್ಟವನು! ನಾನೋ ವೃತ್ತಿಪರ ಆಟಗಾರ. ಪ್ರಾಯೋಜಕನಾದಾನೆಂಬ ಆಸೆಗೆ ಹದಿನೇಳನೇ ಹೋಲ್‌ವರೆಗೂ "ಒಳ್ಳೆ ಶಾಟ್ ಅಣ್ಣ" ಎನ್ನುತ್ತಲೇ ಇದ್ದೆ.

ಕೊನೆಯ, ಹದಿನೆಂಟನೇ ಹೋಲ್‌ನಲ್ಲಿ ನನ್ನ ಚೆಂಡು ಕಲ್ಲಿನ ಹಿಂದೆ ಬಿತ್ತು. ಅವನು ಅತ್ತ ತಿರುಗಿದ್ದಾನೆಂದುಕೊಂಡು ಚಾಪೆಯನ್ನು ಕಲ್ಲು ದಾಟಿಸಿ ಹಾಸಿದೆ.

"ಈಗ ಆಟ ಕಲ್ತದ್ದು ನೀನು, ರೂಬೆನ್," ಎಂದು ಬೆನ್ನು ತಟ್ಟಿದ. "ಮುಂದಿನ ಟೂರಿನ ಖರ್ಚು ನಂದು ಮಾರಾಯ."

ಥ್ಯಾಂಕ್ಸ್ ಅಂದೆ. ಅದೂ ಎರಡೂ ಕೈಯಲ್ಲಿ ಅವನ ಕೈ ಹಿಡಿದುಕೊಂಡು.